ಚಂಪಿಯ ಹಸಿವು

ಚಂಪಿಯನ್ನು ಟಂಟಂ ಆಟೋದಿಂದ ಇಳಿಸಲು ಮೂವರು ಬೇಕಾದರು. ಮುಂಗಾಲು ಹಿಡಿದವನು ನನ್ನ ಕಾಂಪೌಂಡರ್, ಹಿಂಗಾಲು ಹಿಡಿದವನು ಟಂಟಂ ಡ್ರೈವರ್. ನಾಯಿಯ ಜೋತುಬಿದ್ದ ಹೊಟ್ಟೆಗೆ ಎರಡೂ ಕೈ ಆನಿಸಿಕೊಂಡು ಅಡ್ಡಡ್ಡ ಹೆಜ್ಜೆ ಹಾಕುತ್ತ ಬಂದವಳು ಅದರ ಒಡತಿ. ಖೂಬಾ ಪ್ಲಾಟ್ ಬಡಾವಣೆಯಲ್ಲಿರುವ ನನ್ನ ದವಾಖಾನೆಯ ಎದುರು ಚಹಾ ಕುಡಿಯುತ್ತಿದ್ದವರೆಲ್ಲ ಕಪ್ಪು ಕೆಳಗಿಟ್ಟು ನೋಡಿದರು. ಒಬ್ಬ, "ಮೇಡಂ, ಹೋರಿ ಕರಾ ತಂದಾರ ನೋಡ್ರಿ" ಅಂತ ಕೂಗಿದ. ನನಗೆ ನಗು ಬರಲಿಲ್ಲ. ದಪ್ಪ ನಾಯಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮತ್ತು ಆ ಸಿಟ್ಟು ನಾಯಿಯ ಮೇಲಲ್ಲ.

ಒಡತಿ ಕಮಲಾಪುರದವಳು. ಹುಮನಾಬಾದ ರಸ್ತೆಯ ಪಕ್ಕದಲ್ಲಿ ಖಾನಾವಳಿ ನಡೆಸುತ್ತಿದ್ದಳು. ನಲವತ್ತು ದಾಟಿದ, ರೊಟ್ಟಿ ಬಡಿದು ಬಡಿದು ಅಂಗೈ ಗಟ್ಟಿಯಾದ ಹೆಂಗಸು. ಲಾರಿ ಡ್ರೈವರುಗಳಿಂದ ಹಿಡಿದು ತಹಶೀಲ್ದಾರ ಕಚೇರಿಯವರ ತನಕ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು, ಮೂರನೇ ಮಾತಿಗೆ ನಾನೂ ಅಂದೆ. ಚಂಪಿ ಲ್ಯಾಬ್ರಡಾರ್ ಹೆಣ್ಣು ನಾಯಿ. ವರ್ಗವಾಗಿ ಹೋದ ಯಾರೋ ಸಾಹೇಬರ ಮನೆಯವರು ಬಿಟ್ಟುಹೋದದ್ದು ಬೀದಿಯಲ್ಲಿ ಅಲೆದು, ಕೊನೆಗೆ ರೊಟ್ಟಿಯ ವಾಸನೆ ಹಿಡಿದು ಅಕ್ಕನ ಬಾಗಿಲಿಗೆ ಬಂದು ಕೂತಿತ್ತಂತೆ. ಅಲ್ಲಿಂದ ಅದು ಎದ್ದಿಲ್ಲ.

"ಏನಾಗ್ಯದ ಅಕ್ಕಾ?"

"ನೀರು ಭಾಳ ಕುಡ್ಯಾಕತ್ತಾಳ್ರಿ ಮೇಡಂ. ಬಕೀಟಗಟ್ಲೆ. ಕುಡದಷ್ಟೂ ಉಚ್ಚಿ ಹೊಯ್ತಾಳ. ಮತ್ತ ಹಸಿವ್ರಿ. ತಿಂದು ಮುಗಿಸಿ ಮುಖಾ ಎತ್ತಿ ಹ್ಯಾಂಗ ನೋಡ್ತಾಳಂದ್ರ, ಹುಟ್ಟಿದಾಗಿಂದ ಒಂದ್ ತುತ್ತು ಕಂಡಿಲ್ಲ ಅನ್ನಂಗ."

"ಆಮ್ಯಾಲೆ ನೀವು ಏನ್ ಮಾಡ್ತೀರಿ?"

"ಏನ್ ಮಾಡ್ಲಿ, ಹಾಕ್ತೀನಿ. ಖಾನಾವಳಿ ಇಟ್ಟಾಕಿ ನಾ. ಹಸದು ಬಂದವರಿಗಿ ಇಲ್ಲ ಅನ್ಲೇನ್ರಿ? ನನ್ನ ಬಾಗಲಾಗಿಂದ ಇವತ್ತಿನ ತನಕ ಯಾರೂ ಹಸದು ಹೋಗಿಲ್ಲ."

ಈ ಮಾತನ್ನು ಅವಳು ಹೆಮ್ಮೆಯಿಂದಲೇ ಹೇಳಿದಳು. ಮುಂದಿನ ತಿಂಗಳುಗಳಲ್ಲಿ ಈ ಒಂದು ಮಾತಿನ ಜೊತೆ ನಾನು ಎಷ್ಟು ಗುದ್ದಾಡಬೇಕಾಗುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ.

ಕಿವಿಯ ಅಂಚಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದೆ. ಸಕ್ಕರೆ ಅಳೆಯುವ ಮೀಟರು ಅಂಕಿಯನ್ನೇ ತೋರಿಸಲಿಲ್ಲ, ನನ್ನ ಅಳತೆ ಮೀರಿದೆ ಅಂತ ಹೇಳಿ ಸುಮ್ಮನಾಯಿತು. ಮೂತ್ರದ ಪಟ್ಟಿಯಲ್ಲೂ ಸಕ್ಕರೆಯ ಬಣ್ಣ ಗಾಢವಾಗಿತ್ತು, ಕೀಟೋನ್ ಮಾತ್ರ ಇರಲಿಲ್ಲ. ಅದೊಂದೇ ಸಮಾಧಾನ. ಕೀಟೋನ್ ಅಂದರೆ ದೇಹ ಸಕ್ಕರೆ ಬಳಸಲಾರದೆ ತನ್ನ ಕೊಬ್ಬನ್ನೇ ಸುಟ್ಟುಕೊಂಡು ರಕ್ತವನ್ನು ಹುಳಿ ಮಾಡಿಕೊಳ್ಳುವ ಹಂತ. ಚಂಪಿ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ.

ಬೆದೆಗೆ ಯಾವಾಗ ಬಂದಿತ್ತು ಅಂತ ಕೇಳಿದೆ. ಎರಡು ತಿಂಗಳ ಹಿಂದೆ ಅಂದಳು. ಗರ್ಭಕೋಶ ತೆಗೆಸದ ಹೆಣ್ಣು ನಾಯಿಗಳಲ್ಲಿ ಬೆದೆ ಮುಗಿದ ಮೇಲೆ ಏಳುವ ಹಾರ್ಮೋನು ಇನ್ಸುಲಿನ್ನಿನ ಕೈ ಕಟ್ಟಿಹಾಕುತ್ತದೆ. ಅದರ ಮೇಲೆ ಇಷ್ಟು ಕೊಬ್ಬು. ಹೊಟ್ಟೆ ಜೋತುಬಿದ್ದ ರೀತಿ ನೋಡಿ ಅಡ್ರಿನಲ್ ಗ್ರಂಥಿಯ ಬಗ್ಗೆಯೂ ಅನುಮಾನ ಬಂತು. ಆ ಪರೀಕ್ಷೆ ನಮ್ಮ ಊರಿನಲ್ಲಿ ಆಗುವುದಿಲ್ಲ, ರಕ್ತವನ್ನು ಹೈದರಾಬಾದಿಗೆ ಕಳಿಸಿದೆ. ಥೈರಾಯ್ಡನ್ನೂ ನೋಡಲು ಹೇಳಿದೆ. ಎರಡೂ ಸರಿ ಇವೆ ಅಂತ ಉತ್ತರ ಬಂತು. ಉಳಿದದ್ದು ಸಕ್ಕರೆ ರೋಗ, ಕೊಬ್ಬು ಮತ್ತು ಬೆದೆ. ಮೂರೂ ಒಂದಕ್ಕೊಂದು ಕೈ ಹಿಡಿದುಕೊಂಡು ನಿಂತಿದ್ದವು.

ಇಲ್ಲಿ ನನ್ನ ಗೆಳತಿಯೊಬ್ಬಳ ವಿಷಯ ಹೇಳಬೇಕು. ಪಶುವೈದ್ಯಕೀಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅವಳು ಕೊಬ್ಬಿನಿಂದ ಹುಟ್ಟುವ ಹಾರ್ಮೋನುಗಳ ಮೇಲೆ ಕೆಲಸ ಮಾಡುತ್ತಿದ್ದಳು. ನಾವೆಲ್ಲ ಓದುವಾಗ ಕೊಬ್ಬು ಅಂದರೆ ಒಂದು ಗೋಣಿಚೀಲ, ಉಳಿದದ್ದನ್ನು ತುಂಬಿಡುವ ಜಾಗ ಅಷ್ಟೇ ಅಂದುಕೊಂಡಿದ್ದೆವು. ಅದೂ ಒಂದು ಗ್ರಂಥಿಯೇ, ರಕ್ತಕ್ಕೆ ತನ್ನದೇ ಸಂದೇಶ ಕಳಿಸುತ್ತದೆ ಅನ್ನುವುದು ಈಗಿನ ತಿಳಿವಳಿಕೆ. ದಪ್ಪ ನಾಯಿಗಳು ಸಿಕ್ಕರೆ ರಕ್ತದ ತಿಳಿ, ಅಂದರೆ ಸೀರಮ್ ಕಳಿಸು ಅಂತ ಅವಳು ಹೇಳುತ್ತಲೇ ಇದ್ದಳು. ಚಂಪಿಗಿಂತ ದಪ್ಪ ನಾಯಿಯನ್ನು ನಾನೆಲ್ಲಿ ಹುಡುಕಲಿ?

ಆ ಪರೀಕ್ಷೆಗೆ ಹಿಂದಿನ ಸಂಜೆಯಿಂದ ಹೊಟ್ಟೆ ಖಾಲಿ ಇರಬೇಕು. ಇನ್ನೂ ಇನ್ಸುಲಿನ್ ಶುರು ಮಾಡಿರಲಿಲ್ಲವಾದ್ದರಿಂದ ಅದಕ್ಕೆ ಅಡ್ಡಿಯಿರಲಿಲ್ಲ. ಅಕ್ಕನಿಗೆ ಹೇಳಿ, ಬೆಳಿಗ್ಗೆ ತಂಪುಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇಟ್ಟುಕೊಂಡು ಕಮಲಾಪುರಕ್ಕೆ ಹೋದೆ. ರಕ್ತ ತೆಗೆದು, ವಾಪಸು ಬಂದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ನೋಡಿದರೆ ಮೇಲೆ ತಿಳಿ ಹಳದಿ ನೀರಿರಬೇಕಾದ ಜಾಗದಲ್ಲಿ ಗಟ್ಟಿ ಹಾಲಿನಂಥದ್ದು ನಿಂತಿತ್ತು. ಸಕ್ಕರೆ ರೋಗದಲ್ಲಿ ಹೀಗಾಗುವುದುಂಟು, ಆದರೆ ಇದು ಬೆಳಿಗ್ಗೆ ತಿಂದ ಜಿಡ್ಡು ಅಂತ ನನ್ನ ಮನಸ್ಸು ಹೇಳಿತು. ಫೋನು ಮಾಡಿದೆ.

"ಅಕ್ಕಾ, ಮುಂಜಾನೆ ಏನ್ ಹಾಕೀರಿ?"

"ಏನಿಲ್ರಿ. ಹಂಚಿನ ಮ್ಯಾಲಿನ ಮೊದಲ ರೊಟ್ಟಿ ಒಂದು, ಜರಾ ತುಪ್ಪ ಹಚ್ಚಿ. ಇವತ್ತ ಗುರುವಾರ ಅಲ್ರೀ?"

ಗುರುವಾರದ ಕಥೆ ನನಗೆ ಆಗ ತಿಳಿಯಿತು. ಅದು ದತ್ತನ ವಾರ, ಗಾಣಗಾಪುರಕ್ಕೆ ಹೋಗುವ ದತ್ತಭಕ್ತರು ಬೀದರ, ಹುಮನಾಬಾದ ಕಡೆಯಿಂದ ಬಂದವರು ಊಟಕ್ಕೆ ಅಕ್ಕನ ಖಾನಾವಳಿಯ ಮುಂದೆ ಇಳಿಯುತ್ತಾರೆ. ದತ್ತನ ಪಟದಲ್ಲಿ ಕಾಲ ಬಳಿ ನಾಲ್ಕು ನಾಯಿಗಳಿರುವುದು ಅವರಿಗೆಲ್ಲ ಗೊತ್ತು. ಸ್ವಾಮಿ ಯಾವ ರೂಪದಲ್ಲಿ ಬಂದು ಭಿಕ್ಷೆ ಕೇಳುತ್ತಾನೋ ತಿಳಿಯದು ಅನ್ನುವುದೂ ಗೊತ್ತು. ಹಾಗಿರುವಾಗ ಬಾಗಿಲಲ್ಲೇ ಒಂದು ಹೊಂಬಣ್ಣದ ನಾಯಿ ಕೂತು, ಹುಟ್ಟಿದಾಗಿನಿಂದ ತುತ್ತು ಕಾಣದವರ ಹಾಗೆ ಮುಖ ಎತ್ತಿ ನೋಡಿದರೆ ಯಾರ ಕೈ ತಾನೇ ತಡೆಯುತ್ತದೆ? ಒಬ್ಬರು ಹೋಳಿಗೆ ಮುರಿದು ಹಾಕುತ್ತಿದ್ದರು, ಇನ್ನೊಬ್ಬರು ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿದು ಕೊಡುತ್ತಿದ್ದರು, ಮೇಲಿಂದ ಕೈ ಮುಗಿಯುತ್ತಿದ್ದರು. ಅಕ್ಕ ಆ ದಿನ ಉಪವಾಸ. ತನಗೆ ಒಂದು ತುತ್ತಿಲ್ಲದಿದ್ದರೂ ಹಂಚಿನಿಂದ ಇಳಿದ ಮೊದಲ ರೊಟ್ಟಿ ಚಂಪಿಗೆ. ಅಕ್ಕ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಚಂಪಿ ಎಲ್ಲಿದ್ದರೂ ಆ ಮೈ ಹೊತ್ತುಕೊಂಡು ಎದ್ದು ಬರುತ್ತಿದ್ದಳು.

ಮೊದಲು ನಾನು ನಾಯಿಯನ್ನು ಅದು ಅನ್ನುತ್ತಿದ್ದೆ. ಅಕ್ಕನ ಬಾಯಲ್ಲಿ ಇಕಿ, ಅಕಿ ಅಂತ ಕೇಳಿ ಕೇಳಿ ನನ್ನ ಬಾಯಲ್ಲೂ ಅವಳಾಗಿಬಿಟ್ಟಳು.

ಎರಡನೇ ಸಲ ಬುಧವಾರ ಹೋಗಿ ರಕ್ತ ತಂದೆ. ಈ ಸಲ ಸೀರಮ್ ತಕ್ಕಮಟ್ಟಿಗೆ ತಿಳಿಯಾಗಿತ್ತು. ಅದನ್ನು ಹೆಪ್ಪುಗಟ್ಟಿಸಿ ಗೆಳತಿಗೆ ಕಳಿಸಿ, ಮರುದಿನದಿಂದಲೇ ಇನ್ಸುಲಿನ್ ಶುರು ಮಾಡಿದೆ. ಖಾನಾವಳಿಯಲ್ಲಿ ಫ್ರಿಜ್ ಇರಲಿಲ್ಲ. ಪಕ್ಕದ ತಂಪು ಪಾನೀಯದ ಅಂಗಡಿಯ ಚಾಚಾ ತನ್ನ ಫ್ರಿಜ್ಜಿನಲ್ಲಿ ಜಾಗ ಮಾಡಿಕೊಟ್ಟರು. ಬಿಳಿ ಗಡ್ಡದ, ನಗೆಮಾತಿನ ಮನುಷ್ಯ. ಅವರಿಗೂ ಅದೇ ಕಾಯಿಲೆ, ಅದೇ ಸೂಜಿ.

"ಫಿಕರ್ ಮಾಡಬ್ಯಾಡ್ರಿ ಮೇಡಂ," ಅಂದರು. "ನನ್ನ ಸೀಸಿ ಬಾಜೂಕ ಅಕಿ ಸೀಸಿ. ಇನ್ನ ಮುಂದ ನಾನು, ಚಂಪಿ ಸಗೇ ಭಾಯಿ-ಬೆಹೆನ್, ಖಾಸ ಅಣ್ಣ-ತಂಗಿ."

ಸೀಸೆಯನ್ನು ಅಲುಗಾಡಿಸದೆ ಅಂಗೈ ನಡುವೆ ಉರುಳಿಸುವುದು, ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಗುಳ್ಳೆ ಬರದಂತೆ ಎಳೆಯುವುದು, ಬೆನ್ನಿನ ಚರ್ಮವನ್ನು ಮಡಿಕೆ ಮಾಡಿ ಹಿಡಿದು ಚುಚ್ಚುವುದು, ಎಲ್ಲ ತೋರಿಸಿದೆ. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವುವ ಅಕ್ಕ ಆ ಸಣ್ಣ ಸೂಜಿಯನ್ನು ಎರಡು ಸಲ ಕೆಳಗಿಟ್ಟು ಮೂರನೇ ಸಲ ಹಿಡಿದಳು. ಎರಡು ಮಾತು ಒತ್ತಿ ಹೇಳಿದೆ. ತಿಂದ ಮೇಲೆಯೇ ಸೂಜಿ. ಮತ್ತು ಯಾವ ಕಾರಣಕ್ಕೂ ಸೂಜಿ ತಪ್ಪಿಸಬಾರದು. ಊಟವೂ ಅಳತೆಯದು: ಅರ್ಧ ರೊಟ್ಟಿ, ಬೇಯಿಸಿದ ತತ್ತಿ, ಸೊಪ್ಪು, ಎಣ್ಣೆಯಿಲ್ಲದ ಬ್ಯಾಳಿ. ಹೊರಗಿನವರ ಕೈಯಿಂದ ಒಂದು ಚೂರೂ ಇಲ್ಲ.

ಕೆಲವು ವಾರ ಏನೂ ಆಗಲಿಲ್ಲ. ಪ್ರಮಾಣ ಏರಿಸಿದೆ, ಮತ್ತೂ ಏರಿಸಿದೆ. ಸಕ್ಕರೆ ಇಳಿಯುವ ಲಕ್ಷಣವೇ ಇಲ್ಲ. ನನ್ನದು ಒಂದು ದಾರಿ, ಚಂಪಿಯ ಮೈಯದು ಇನ್ನೊಂದು: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಅಕ್ಕ ಕದ್ದು ಹಾಕುತ್ತಿದ್ದಾಳೆ ಅನ್ನುವ ಗುಮಾನಿಯಿಂದ ಹೇಳದೆ ಕೇಳದೆ ಎರಡು ಸಲ ಹೋಗಿ ನೋಡಿದೆ. ಚಂಪಿ ಗಿರಾಕಿಗಳ ಎಲೆಯನ್ನೇ ನೋಡುತ್ತ ಬಾಯಿಂದ ಜೊಲ್ಲು ಇಳಿಸುತ್ತ ಕಟ್ಟಿಹಾಕಿಸಿಕೊಂಡು ಕೂತಿದ್ದಳು. ಅಕ್ಕ ಅವಳ ಕಡೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಚಂಪಿಯನ್ನು ಕರೆದು ಹಾಕುವವರ ಮೊದಲಿನ ಗದ್ದಲವೂ ಖಾನಾವಳಿಯಲ್ಲಿ ಇರಲಿಲ್ಲ.

"ಎಲ್ಲಾರಿಗಿ ಬಡಸ್ತೀನಿ, ಇಕಿ ಒಬ್ಬಾಕಿಗಿ ಇಲ್ಲ ಅಂತೀನಿ," ಅಂದಳು ಅಕ್ಕ. "ನನ್ನ ಕೈಯಾಗಿನ ರೊಟ್ಟಿ ನನಗ ಸೇರವಲ್ದು ಮೇಡಂ."

ಅಷ್ಟರಲ್ಲಿ ಗೆಳತಿಯ ಫೋನು ಬಂತು. ಲೆಪ್ಟಿನ್ ಅನ್ನುವ ಹಾರ್ಮೋನು ಚಂಪಿಯ ರಕ್ತದಲ್ಲಿ ಅವಳು ಅಳೆದ ನಾಯಿಗಳಲ್ಲೆಲ್ಲ ಹೆಚ್ಚಿನದರ ಸಾಲಿಗೆ ಸೇರುವಷ್ಟಿತ್ತು. ಅಡಿಪೊನೆಕ್ಟಿನ್ ಅನ್ನುವ ಇನ್ನೊಂದು ಕಡಿಮೆ ಇತ್ತು. ಅದು ಇನ್ಸುಲಿನ್ನಿಗೆ ಒತ್ತಾಸೆಯಾಗಿ ನಿಲ್ಲುವಂಥದ್ದು. "ನಾಯಿಗಳಲ್ಲಿ ಈ ಎರಡನೆಯದರ ತಕರಾರು ಇನ್ನೂ ಬಗೆಹರಿದಿಲ್ಲ, ಅದರ ಮೇಲೆ ಬಹಳ ಭಾರ ಹಾಕಬೇಡ," ಅಂದಳು. ಹಾಗಾದರೆ ನಾನೇನು ಮಾಡಲಿ ಅಂತ ಕೇಳಿದೆ. ಲೆಪ್ಟಿನ್ ಇಳಿಸುವ ಔಷಧಿ ಇಲ್ಲ, ತೂಕ ಇಳಿಸಬೇಕು, ತೂಕ ಇಳಿಯಬೇಕಾದರೆ ಹಸಿವು ತಡೆದುಕೊಳ್ಳಬೇಕು ಅಂದಳು. ಇಷ್ಟು ನನಗೆ ಮೊದಲೇ ಗೊತ್ತಿತ್ತು.

ಮರುದಿನ ಖಾನಾವಳಿಯಲ್ಲಿ ಕೂತು ಅಕ್ಕನಿಗೆ ಬಿಡಿಸಿ ಹೇಳಿದೆ. ಮೈಯೊಳಗಿನ ಕೊಬ್ಬು ತಲೆಗೆ ಒಂದು ಸುದ್ದಿ ಕಳಿಸುತ್ತದೆ, ಸಾಕು ತುಂಬಿದೆ ಅಂತ. ಕೊಬ್ಬು ಹೆಚ್ಚಿದಷ್ಟೂ ಜೋರಾಗಿ ಕೂಗುತ್ತದೆ. ಕೂಗು ಹೆಚ್ಚಾಗಿ ಹೆಚ್ಚಾಗಿ ತಲೆ ಕಿವುಡಾಗುತ್ತದೆ. ಅದರ ಜೊತೆಗೆ, ತಿಂದದ್ದು ಸಕ್ಕರೆಯಾಗಿ ರಕ್ತದಲ್ಲೇ ಓಡಾಡುತ್ತದೆ ಹೊರತು ಮೈಗೆ ಸೇರುವುದಿಲ್ಲ. ಹಾಗಾಗಿ ಹೊಟ್ಟೆ ತುಂಬಿದ್ದರೂ ಅವಳಿಗೆ ಹಸಿವೆಯೇ.

ಅಕ್ಕ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕೇಳಿದಳು. "ಅಂದ್ರ ಹೊಟ್ಟಿ ತುಂಬ್ಯದಂತ ಒಳಗ ಒದರ್ತದ, ಇಕಿ ತಲಿಗಿ ಕೇಳ್ಸಂಗಿಲ್ಲ. ಹೌದಿಲ್ರೀ?"

"ಹೌದು."

"ಹಂಗಾದ್ರ ಇಕಿ ಆಸಿಬುರಕಿ ಅಲ್ಲ."

"ಅಲ್ಲ."

ಅವಳ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಬಂದವರು ಹೋದವರು ಚಂಪಿಯನ್ನು ತಿಂಡಿಪೋತಿ, ಹೊಟ್ಟೆಬಾಕಿ ಅನ್ನುತ್ತಿದ್ದದ್ದು ಅವಳಿಗೆ ಎಷ್ಟು ನಾಟಿತ್ತೋ ಏನೋ. ಅವತ್ತು ಊಟಕ್ಕೆ ಕೂತ ಇಬ್ಬರಿಗೆ ನನ್ನ ಎದುರೇ ಜೋರು ಮಾಡಿ ಹೇಳಿದಳು, ಇಕಿಗಿ ಆ ಮಾತು ಅನ್ನಬ್ಯಾಡ್ರಿ, ಇಕಿ ತಲಿಗಿ ಕೇಳ್ಸಂಗಿಲ್ಲ ಅಂತ. ಅವರಿಗೆ ಒಂದೂ ಅರ್ಥವಾಗಲಿಲ್ಲ. ಅಷ್ಟು ದೊಡ್ಡ ಪರೀಕ್ಷೆಯಿಂದ ಚಂಪಿಗೆ ದಕ್ಕಿದ ಲಾಭ ಇಷ್ಟೇ.

ಇನ್ನು ನನ್ನ ಕೈಯಲ್ಲಿ ಉಳಿದದ್ದು ಒಂದೇ ದಾರಿ, ಅಂಡಾಶಯ ಮತ್ತು ಗರ್ಭಕೋಶ ತೆಗೆದುಬಿಡುವುದು. ಬೆದೆಯ ಹಾರ್ಮೋನು ನಿಂತರೆ ಇನ್ಸುಲಿನ್ನಿಗೆ ಕೈಕಾಲು ಬರಬಹುದು. ಹಿರಿಯ ವೈದ್ಯರೊಬ್ಬರಿಗೆ ಫೋನಿನಲ್ಲಿ ಕೇಳಿದೆ. ಸಕ್ಕರೆ ಹಿಡಿತಕ್ಕೆ ಬರದೆ ಕತ್ತರಿ ಮುಟ್ಟಬೇಡ ಅಂದರು. ಅವರು ಹೇಳಿದ್ದು ಸರಿ. ಆದರೆ ಅಂಡಾಶಯ ಹೊರಗೆ ಬಾರದೆ ಸಕ್ಕರೆ ಹಿಡಿತಕ್ಕೆ ಬರುವಂತಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಎರಡು ದಿನ ಯೋಚನೆ ಮಾಡಿ, ಅಕ್ಕನಿಗೆ ಎರಡೂ ಕಡೆಯ ಅಪಾಯ ಹೇಳಿ, ಮಾಡೋಣ ಅಂದೆ.

"ಟೇಬಲ್ ಮ್ಯಾಲೆ ಹೋದ್ರ?" ಅಂದಳು.

"ಹೋಗಬಹುದು."

"ಮಾಡ್ಲಿಲ್ಲಂದ್ರ?"

"ಹಿಂಗೇ ಕರಗಿ ಹೋಗ್ತಾಳ."

"ಮಾಡ್ರಿ ಮತ್ತ."

ಬೆಳಿಗ್ಗೆ ಅರ್ಧ ಪ್ರಮಾಣದ ಇನ್ಸುಲಿನ್ ಕೊಟ್ಟು ಟೇಬಲ್ಲಿಗೆ ಹಾಕಿದೆವು. ಹೊಟ್ಟೆಯ ಭಾರ ಎದೆಯ ಮೇಲೆ ಬಿದ್ದು ಉಸಿರು ಕಟ್ಟದ ಹಾಗೆ ತಲೆಯ ಕಡೆ ಟೇಬಲ್ ಎತ್ತರಿಸಿದೆ. ಕಾಂಪೌಂಡರ್ ಕಿವಿ ಚುಚ್ಚಿ ಚುಚ್ಚಿ ಸಕ್ಕರೆ ನೋಡಿ ಹೇಳುತ್ತಿದ್ದ. ಒಳಗೆ ಕೈ ಹಾಕಿದರೆ ಎಲ್ಲಿ ನೋಡಿದರೂ ಕೊಬ್ಬು. ಅಂಡಾಶಯ ಕಣ್ಣಿಗೆ ಬೀಳಲಿಲ್ಲ, ಬೆರಳಲ್ಲೇ ತಡಕಿ ಹಿಡಿಯಬೇಕಾಯಿತು. ದಾರ ಬಿಗಿದರೆ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರುತ್ತಿತ್ತು. ಬಲಗಡೆಯದು ಒಂದು ಸಲ ಬಿಚ್ಚಿಕೊಂಡು ರಕ್ತ ಚಿಮ್ಮಿತು, ನನ್ನ ಬಾಯಿಂದ ಆಡಬಾರದ ಮಾತು ಬಂತು. ಹೇಗೋ ಇಕ್ಕಳಕ್ಕೆ ಸಿಕ್ಕಿತು, ಎರಡು ಸುತ್ತು ಹೆಚ್ಚಿಗೆ ಹಾಕಿ ಕಟ್ಟಿದೆ. ಹೊಲಿಗೆ ಮುಗಿಸಿ ಹೊರಗೆ ಬಂದಾಗ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಪಕ್ಕದಲ್ಲಿ ಚಾಚಾ ಅಂಗಡಿ ಮುಚ್ಚಿ ಬಂದು ತಸಬೀ ಮಣಿ ತಿರುಗಿಸುತ್ತಿದ್ದರು.

ಚಂಪಿ ಬದುಕಿದಳು. ಬದುಕಿದ್ದಷ್ಟೇ ಅಲ್ಲ, ಹೊಲಿಗೆ ಬಿಚ್ಚುವ ಹೊತ್ತಿಗೆ ಸಕ್ಕರೆ ಇಳಿಯತೊಡಗಿತು. ಇನ್ಸುಲಿನ್ ಅರ್ಧಕ್ಕೆ ಇಳಿಸಿದೆ, ಆಮೇಲೂ ಸ್ವಲ್ಪ ಇಳಿಸಿದೆ. ನೀರು ಕುಡಿಯುವುದು ಕಡಿಮೆಯಾಯಿತು. ಖಾನಾವಳಿಯಿಂದ ಚಾಚಾನ ಅಂಗಡಿಯ ತನಕ ತಾನೇ ನಡೆದು ಹೋಗಿ ಬರುತ್ತಿದ್ದಳು ಅಂತ ಅಕ್ಕ ಫೋನು ಮಾಡಿ ಮಾಡಿ ಹೇಳಿದಳು. ಆ ದಿನಗಳಲ್ಲಿ ನಾನು ಗೆದ್ದೆ ಅಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ, ಆದರೆ ಅಂದುಕೊಂಡಿದ್ದೆ.

ಒಂದು ಗುರುವಾರ ಮಧ್ಯಾಹ್ನ ಚಾಚಾನ ಫೋನು.

"ಮೇಡಂ, ಜಲ್ದಿ ಬರ್ರಿ. ಚಂಪಿ ಬಿದ್ದು ಒದ್ದಾಡಾಕತ್ತಾಳ. ಕಣ್ಣ ಮ್ಯಾಲ ಹೋಗ್ಯಾವ. ನನಗ ಶುಗರ್ ಇಳದಾಗ ಹಿಂಗೇ ಆಗ್ತದ್ರಿ."

"ಒಸಡಿಗೆ ಸಕ್ರಿ ನೀರು ಹಚ್ಚ್ರಿ. ಗಂಟಲಿಗೆ ಹೊಯ್ಯಬ್ಯಾಡ್ರಿ. ಬಂದೆ."

ಆ ದಾರಿ ಅಷ್ಟು ಉದ್ದ ಅಂತ ನನಗೆ ಅವತ್ತೇ ಗೊತ್ತಾದದ್ದು. ಮಹಾಗಾಂವ ಕ್ರಾಸಿನಲ್ಲಿ ತೊಗರಿ ಚೀಲದ ಟೆಂಪೊ ಅಡ್ಡ ನಿಂತಿತ್ತು. ಹಾರ್ನ್ ಹೊಡೆದೆ, ಇಳಿದು ಬೈದೆ, ಮತ್ತೆ ಹತ್ತಿದೆ. ಮುಟ್ಟಿದಾಗ ಚಂಪಿ ಖಾನಾವಳಿಯ ಹಿಂದಿನ ಕೋಣೆಯಲ್ಲಿ ಅಡ್ಡ ಬಿದ್ದು ಕಾಲು ಬಡಿಯುತ್ತಿದ್ದಳು, ಚಾಚಾ ಅವಳ ತುಟಿ ಎತ್ತಿ ಸಕ್ಕರೆ ನೀರು ಉಜ್ಜುತ್ತಿದ್ದರು. ಮುಂಗಾಲಿನ ನರಕ್ಕೆ ಡೆಕ್ಸ್ಟ್ರೋಸ್, ಅಂದರೆ ಸಕ್ಕರೆಯ ಸಲೈನು ಹಾಕಿದೆ. ಮೆಲ್ಲಗೆ ಕಾಲು ನಿಂತವು, ಕಣ್ಣು ಕೆಳಗೆ ಬಂದವು. ಅದಕ್ಕೆ ಮೊದಲು ಮೀಟರು ತೋರಿಸಿದ ಅಂಕಿ ಎಷ್ಟು ಕೆಳಗಿತ್ತೆಂದರೆ ನನಗೆ ನಂಬಿಕೆ ಬರಲಿಲ್ಲ.

"ಮುಂಜಾನೆ ಏನ್ ತಿಂದಾಳ?"

ಅಕ್ಕ ಚಂಪಿಯ ಬಾಯಿಯ ನೊರೆಯನ್ನು ಸೆರಗಿನಿಂದ ಒರೆಸಿದಳು. ಇನ್ನೊಂದು ಸಲ ಕೇಳಿದೆ.

"ಏನೂ ತಿಂದಿಲ್ರಿ," ಅಂದಳು. "ಇವತ್ತ ಗುರುವಾರ. ಹೊರಗ ಬಿಟ್ರ ಜಾತ್ರಿಗಿ ಹೋಗೋ ಮಂದಿ ಹಾಕ್ತಾರ. ನೀವು ಹಾಕಬ್ಯಾಡ ಅಂದೀರಿ. ಅದಕ್ಕ ಒಳಗ ಕಟ್ಟೀನಿ. ನನ್ನ ಉಪಾಸ ಇತ್ತು, ಇಕಿದೂ ಇರ್ಲಿ ಅಂದೆ. ಇಬ್ರೂ ಕೂಡಿ ಗುರುವಾರ ಮಾಡೀವ್ರಿ. ತೂಕಾ ಇಳೀತದ, ಪುಣ್ಯಾನೂ ಬರ್ತದ ಅಂತ."

"ಸೂಜಿ?"

"ಹಾಕೀನ್ರಿ. ತಪ್ಪಸಬ್ಯಾಡ ಅಂತ ನೀವೇ ಹೇಳೀರಲ್ರಿ."

ನನಗೆ ಮೂಗಿನ ತುದಿಯಲ್ಲೇ ಕೋಪ. ಹೊರಗೆ ಊಟಕ್ಕೆ ಕೂತ ಭಕ್ತರಿಗೂ ಕೇಳುವ ಹಾಗೆ ಒದರಿದೆ. ತಿಂದ ಮೇಲೆ ಸೂಜಿ ಅಂತ ಎಷ್ಟು ಸಲ ಹೇಳೀನಿ, ಖಾಲಿ ಹೊಟ್ಟೆಗೆ ಇನ್ಸುಲಿನ್ ಕೊಟ್ಟರೆ ಸಾಯಿಸಿದ ಹಾಗೆ ಅಂತ. ಅಕ್ಕ ತಲೆ ತಗ್ಗಿಸಿ ನಿಂತಳು. ಚಾಚಾ ನನ್ನ ತೋಳು ಮುಟ್ಟಿ, "ಬಸ್ ಮೇಡಂ, ಬಸ್," ಅಂದರು. ತಿಂದ ಮೇಲೆ ಅನ್ನುವ ಒಂದು ಮಾತು ಬಿಟ್ಟರೆ ಅವಳು ನಾನು ಹೇಳಿದ್ದನ್ನೇ ಮಾಡಿದ್ದಳು. ಹೊರಗಿನವರ ಕೈಯಿಂದ ತಿನ್ನಿಸಬೇಡ ಅಂದಿದ್ದೆ, ತಿನ್ನಿಸಲಿಲ್ಲ. ಸೂಜಿ ತಪ್ಪಿಸಬೇಡ ಅಂದಿದ್ದೆ, ತಪ್ಪಿಸಲಿಲ್ಲ. ತನ್ನ ವ್ರತವನ್ನು ನಾಯಿಗೂ ಹಂಚಿದ್ದಳು, ಅಷ್ಟೇ.

ಸಂಜೆಯ ಹೊತ್ತಿಗೆ ಚಂಪಿ ಎದ್ದು ನಿಂತಳು. ಪ್ರಮಾಣ ಇನ್ನೂ ಇಳಿಸಿ, ಮತ್ತೆ ಎಲ್ಲವನ್ನೂ ಮೊದಲಿನಿಂದ ಹೇಳಿ ಬಂದೆ. ಮುಂದೆ ಎರಡು ಮೂರು ಸಲ ಫೋನು ಮಾಡಿದಾಗ ಅಕ್ಕ, "ಆರಾಮದಾಳ್ರಿ. ಹಾಕ್ತೀನ್ರಿ," ಅಂದಳು. ಆಮೇಲೆ ತಾಜಸುಲ್ತಾನಪುರದ ಕಡೆ ದನಗಳಿಗೆ ಕಾಲುಬಾಯಿ ಬೇನೆ ಬಂದು ನಾನು ಅದರ ಹಿಂದೆ ಬಿದ್ದೆ.

ಕೆಲವು ವಾರದ ಮೇಲೆ ಚಂಪಿಯನ್ನು ಮತ್ತೆ ಟಂಟಂನಲ್ಲಿ ತಂದಾಗ ಇಳಿಸಲು ಇಬ್ಬರು ಸಾಕಾದರು. ಬೆನ್ನೆಲುಬು ಕೈಗೆ ಸಿಗುತ್ತಿತ್ತು. ಎರಡು ದಿನದಿಂದ ವಾಂತಿ. ಬಾಯಿ ಹತ್ತಿರ ಹೋದರೆ ಕೊಳೆತ ಹಣ್ಣಿನ ವಾಸನೆ, ಪಟ್ಟಿ ತೋರಿಸುವ ಮೊದಲೇ ಮೂಗಿಗೆ ತಿಳಿಯಿತು. ಮೂತ್ರದ ಪಟ್ಟಿಯಲ್ಲಿ ಕೀಟೋನಿನ ಚೌಕ ಬದನೆಕಾಯಿ ಬಣ್ಣಕ್ಕೆ ತಿರುಗಿತು.

ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ. "ಅಕ್ಕಾ, ಸೂಜಿ ಹಾಕಲಾಕತ್ತಿದ್ರಿಲ್ಲೋ?"

"ಇಲ್ರಿ."

"ಯಾವಾಗಿಂದ?"

"ಆ ಗುರುವಾರದಿಂದ." ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ತೆಗೆದಳು. "ಸೂಜಿ ಹಾಕಿದ ದಿನಾ ಸಾಯಾಕ ಹೋಗಿದ್ಳು. ಹಾಕದ ದಿನಾ ಎದ್ದು ಕುಂತ್ಳು, ಬಾಲಾ ಅಲ್ಲಾಡಿಸಿದ್ಳು, ರೊಟ್ಟಿ ಬೇಡಿದ್ಳು. ಎಂಟೊಂಬತ್ತು ದಿನಾ ಹಂಗೇ ಖುಷಿಲೆ ಇದ್ಳು. ನಾ ಕಣ್ಣಿಲೆ ನೋಡೀನಿ. ನೀವ ಹೇಳ್ರಿ ಮೇಡಂ, ನಾ ಯಾವದು ನಂಬ್ಲಿ?"

ಸಕ್ಕರೆ ಏರುವಾಗ ನಾಯಿ ಚುರುಕಾಗಿ ಕಾಣುತ್ತದೆ, ಹಸಿದು ಬೇಡುತ್ತದೆ, ಬೇಡುವುದೇ ಆರೋಗ್ಯ ಅಂತ ಮನುಷ್ಯರಿಗೆ ಅನ್ನಿಸುತ್ತದೆ. ಹಾಗನ್ನಿಸುವುದು ತಪ್ಪು ಅಂತ ಯಾರು ಹೇಳಲಿ? ಸೀಸೆ ಮುಟ್ಟದೆ ಹಾಗೇ ಇದೆ ಅಂತ ಚಾಚಾಗೆ ಗೊತ್ತಿತ್ತು. ಹೇಳಿದರೆ ನಾನು ಮತ್ತೆ ಅವಳ ಮೇಲೆ ಒದರುತ್ತೇನೆ ಅಂತ ಸುಮ್ಮನಿದ್ದರಂತೆ.

ದವಾಖಾನೆಯಲ್ಲೇ ಇಟ್ಟುಕೊಂಡೆ. ಸಲೈನು, ಬೇಗ ಕೆಲಸ ಮಾಡುವ ಇನ್ಸುಲಿನ್ನಿನ ಸಣ್ಣ ಸಣ್ಣ ಪ್ರಮಾಣ, ಪೊಟ್ಯಾಸಿಯಂ. ಪೊಟ್ಯಾಸಿಯಮ್ಮನ್ನು ಗಂಟೆಗಂಟೆಗೆ ಅಳೆದು ಕೊಡುವ ಸೌಕರ್ಯ ನನ್ನಲ್ಲಿಲ್ಲ. ರಕ್ತವನ್ನು ಮನುಷ್ಯರ ಲ್ಯಾಬಿಗೆ ಕಳಿಸಿ, ಉತ್ತರ ಬರುವ ತನಕ ಅಂದಾಜಿನಲ್ಲಿ ನಡೆಯಬೇಕು. ಉತ್ತರ ಬರುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ. ಸಕ್ಕರೆ ಇಳಿಯಿತು, ಹುಳಿ ಇಳಿಯಲಿಲ್ಲ. ಹೊಟ್ಟೆ ಮುಟ್ಟಿದರೆ ನರಳುತ್ತಿದ್ದಳು, ಮೇದೋಜೀರಕ ಗ್ರಂಥಿಯೂ ಊದಿಕೊಂಡಿತ್ತು. ಆಮೇಲೆ ಮೂತ್ರ ಕಡಿಮೆಯಾಗುತ್ತ ಬಂತು. ಬಕೆಟ್ಟುಗಟ್ಟಲೆ ಹೊಯ್ಯುತ್ತಾಳೆ ಅಂತ ತಂದ ನಾಯಿಯ ಕೆಳಗೆ ಒಂದು ಅಂಗೈಯಷ್ಟು ಒದ್ದೆಯಾಗಲಿ ಅಂತ ನಾನು ಕಾಯುತ್ತ ಕೂತೆ. ಆಗಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನಿಗೆ ಹೇಳಿದೆ. ಇನ್ನು ನನ್ನ ಕೈಯಲ್ಲಿ ಏನೂ ಉಳಿದಿಲ್ಲ, ಇವತ್ತೋ ನಾಳೆಯೋ ಒದ್ದಾಡಿ ಹೋಗುತ್ತಾಳೆ, ಅದಕ್ಕಿಂತ ನಿದ್ದೆಯ ಸೂಜಿ ಕೊಟ್ಟು ಕಳಿಸೋಣ ಅಂತ. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ಹಸಿದಾಕಿನ್ನ ಕಳಸಂಗಿಲ್ಲ ನಾ," ಅಂದಳು.

"ಅಕ್ಕಾ..."

"ಎಷ್ಟ ತಿಂಗಳಾತು ಹೊಟ್ಟಿ ತುಂಬ ಹಾಕಿಲ್ಲ ಇಕಿಗಿ. ಎಲ್ಲಾರಿಗಿ ಬಡಸೀನಿ, ಇಕಿಗಿ ಇಲ್ಲ ಅಂದೀನಿ. ಕಡೀಕೂ ಹಸದೇ ಹೋಗ್ಲೇನ್ರಿ? ಒಂದ್ ರೊಟ್ಟಿ ತಿಂದು ಹೋಗ್ಲಿ. ಆಮ್ಯಾಲ ನಿಮಗ ತಿಳದಂಗ ಮಾಡ್ರಿ. ಮನ್ಯಾಗ ಜ್ವಾಳದ ಹಿಟ್ಟು ಅದೇನ್ರಿ?"

ದವಾಖಾನೆಯ ಮೇಲೇ ನನ್ನ ಮನೆ. ಹಿಟ್ಟಿನ ಡಬ್ಬಿ ತೋರಿಸಿ ಕೆಳಗೆ ಬಂದೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸತೊಡಗಿತು. ಚಂಪಿಯ ಒಂದು ಕಿವಿ ಎದ್ದಿತು. ಮುಂಗಾಲು ಸ್ವಲ್ಪ ಸರಿಯಿತು, ಆಮೇಲೆ ಕಿವಿ ಬಿತ್ತು. ಸದ್ದು ಮಾತ್ರ ಬರುತ್ತಲೇ ಇತ್ತು.

ಅಕ್ಕ ತಾಟಿನಲ್ಲಿ ರೊಟ್ಟಿ ತಂದಳು. ಹಂಚಿನಿಂದ ಇಳಿದ ಮೊದಲನೆಯದು, ತುಪ್ಪ ಹಚ್ಚಿದ್ದು. ನೆಲದ ಮೇಲೆ ಕೂತು, ಚೂರು ಮುರಿದು, ಊದಿ ಆರಿಸಿ, ಚಂಪಿಯ ಬಾಯಿ ಹತ್ತಿರ ಹಿಡಿದಳು. ನಾನು ತಡೆಯಲಿಲ್ಲ, ತಡೆಯುವುದಕ್ಕೆ ಈಗ ಏನೂ ಇರಲಿಲ್ಲ. ಚಂಪಿ ಮೂಸಿದಳು. ಅಕ್ಕನ ಬೆರಳನ್ನು ಒಂದು ಸಲ ನೆಕ್ಕಿದಳು. ಆಮೇಲೆ ಮುಖವನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದಳು.

ಅಕ್ಕ ಆ ಚೂರನ್ನು ಹಿಡಿದುಕೊಂಡೇ ಇದ್ದಳು. ನಾವಿಬ್ಬರೂ ಆರು ತಿಂಗಳಿನಿಂದ ಯಾವ ಹಸಿವು ಇಳಿಯಲಿ ಅಂತ ಹೋರಾಡಿದ್ದೆವೋ ಅದು ಇಳಿದಿತ್ತು.

"ಮೇಡಂ," ಅಂದಳು. "ಹೊಟ್ಟಿ ತುಂಬ್ಯದಂತ ಇಕಿ ತಲಿಗಿ ಈಗ ಕೇಳಿಸ್ತೇನ್ರಿ?"

ಅದು ತಲೆಗೆ ಕೇಳಿಸಿದ್ದಲ್ಲ. ರಕ್ತ ಹುಳಿಯಾಗಿ ಹೊಟ್ಟೆ ತೊಳಸುತ್ತಿರುವುದು, ಮೂತ್ರಪಿಂಡ ಕೈಬಿಟ್ಟಿರುವುದು, ಸಾಯುತ್ತಿರುವುದು. ಇಷ್ಟು ತಿಂಗಳು ಅವಳಿಗೆ ಒಂದು ಮಾತೂ ಸುಳ್ಳು ಹೇಳಿರಲಿಲ್ಲ ನಾನು.

"ಹೌದಕ್ಕಾ," ಅಂದೆ. "ಕೇಳಿಸ್ಯದ."

ಅವಳು ತಲೆಯಾಡಿಸಿದಳು. ಕೈಯಲ್ಲಿದ್ದ ಚೂರನ್ನು ತಾಟಿಗೆ ಹಾಕಿ, ತುಪ್ಪದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಚಂಪಿಯ ತಲೆಯನ್ನು ತನ್ನ ತೊಡೆಯ ಮೇಲೆ ಎತ್ತಿ ಇಟ್ಟುಕೊಂಡಳು.

"ಹಂಗಾದ್ರ ಹಾಕ್ರಿ," ಅಂದಳು.